ಅಂಕಣವೋ, ರೇಡಿಯೋ ಮಾತೋ, ಮೊಬೈಲ್ ವಿಡಿಯೋವೋ?

ವಿರಾಜಪೇಟೆಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆದ ವೈದ್ಯರು ಜನರಿಗೆ ಪರಿಚಯವಾಗಲು ಈ ಮೂರರಲ್ಲಿ ಯಾವುದು ಸರಿ ಎಂದು ಕೇಳಿದ್ದಾರೆ. ಮೊದಲು ನಿಯಮ ನೋಡಿಕೊಳ್ಳಿ: 2002ರ ವೈದ್ಯಕೀಯ ನೀತಿಸಂಹಿತೆ ರೋಗಿಗಳನ್ನು ಸೆಳೆಯುವ ಜಾಹೀರಾತನ್ನು ಒಪ್ಪುವುದಿಲ್ಲ. ಆದರೆ ಸಾರ್ವಜನಿಕ ಆರೋಗ್ಯದ ಬಗ್ಗೆ ನಿಮ್ಮ ಹೆಸರಲ್ಲೇ ಪತ್ರಿಕೆಗೆ ಬರೆಯಬಹುದು, ರೇಡಿಯೋದಲ್ಲಿ ಮಾತಾಡಬಹುದು.

ಖರ್ಚು ಅಂಕಣಕ್ಕೂ ರೇಡಿಯೋಗೂ ಹೆಚ್ಚೇನಿಲ್ಲ, ಸಮಯ ಮಾತ್ರ ಬೇಕು. ವಿಡಿಯೋಗೆ ಫೋನ್, ಕಾಲರ್ ಮೈಕ್, ಕಿಟಕಿಯ ಬೆಳಕು ಸಾಕು. ಆದರೆ ವಾರ ತಪ್ಪಿಸಿದರೆ ನೋಡುವವರು ಕರಗುತ್ತಾರೆ.

ತಲುಪುವುದರಲ್ಲೇ ನಿಜವಾದ ವ್ಯತ್ಯಾಸ. ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಸಿಗುವುದಿಲ್ಲ. ಆಗ ತೋಟದ ಕಾರ್ಮಿಕರು ಇರುವ ಲೈನ್ ಮನೆಯಲ್ಲಿ ಬ್ಯಾಟರಿ ರೇಡಿಯೋ ಇದ್ದರೆ ಮಡಿಕೇರಿ ಆಕಾಶವಾಣಿ ಕೇಳಿಸುತ್ತದೆ. ಇಲಿ ಜ್ವರದ ಎಚ್ಚರಿಕೆಗೆ ಅದೇ ಲೇಸು. ಕಾಫಿ ಕೊಯ್ಲಿನ ಹೊತ್ತಿಗೆ ಹೊರಗಿನಿಂದ ಬರುವ ಕಾರ್ಮಿಕರಿಗೆ ಹಾವು ಕಡಿತದ ಬಗ್ಗೆ ಹೇಳಬೇಕೇ? ತೊಂಬತ್ತು ಸೆಕೆಂಡಿನ ವಿಡಿಯೋ ಮಾಡಿ: ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೈಕಾಲು ಅಲುಗದಂತಿಟ್ಟು ಆಸ್ಪತ್ರೆಗೆ ತನ್ನಿ. ಮಾಡಿ ತೋರಿಸಿದ್ದು ಭಾಷೆ ಬಾರದವರಿಗೂ ಅರ್ಥವಾಗುತ್ತದೆ.

ನಂಬಿಕೆ, ಬಾಳಿಕೆ ಎರಡರಲ್ಲೂ ಅಂಕಣ ಮುಂದು. ತೋಟದ ಮಾಲೀಕರು, ಶಿಕ್ಷಕರು ಅದನ್ನು ಕತ್ತರಿಸಿ ಇಡುತ್ತಾರೆ. ನಾನೂರು ಪದ, ಒಂದೇ ಕಾಯಿಲೆ. ಮೂರು ಕಾಯಿಲೆ ತುರುಕಿದರೆ ಒಂದೂ ನೆನಪಿರುವುದಿಲ್ಲ.

ವಿಡಿಯೋದ ದೊಡ್ಡ ಅಪಾಯ ರೋಗಿಯ ಗುರುತು ಬಯಲಾಗುವುದು. ಸಣ್ಣ ಊರಲ್ಲಿ ಮುಖ ಮರೆಮಾಡಿದರೂ ದನಿಯಲ್ಲೇ ಗುರುತು ಸಿಗುತ್ತದೆ. ರೋಗಿಯನ್ನು ತೋರಿಸಲೇಬೇಡಿ.

ವಾರಕ್ಕೆ ಎರಡು ಗಂಟೆ ಮಾತ್ರ ಬಿಡುವಿದ್ದರೆ ಅಂಕಣ ಹಿಡಿಯಿರಿ. ಮಾತು ಸಲೀಸಾಗಿದ್ದರೆ ಮಳೆಗಾಲಕ್ಕೆ ಮುಂಚೆ ರೇಡಿಯೋದವರನ್ನು ಕೇಳಿ. ಕಾರ್ಮಿಕರೇ ಹೆಚ್ಚು ಬರುವ ಕ್ಲಿನಿಕ್ಕಾದರೆ ವಿಡಿಯೋ.