ಆಯಿ ಹತ್ತು ವಾರ ಇದ್ದ ಧಾರವಾಡದ ಆರೈಕೆ ಕೇಂದ್ರ

ಧಾರವಾಡದ ಅಂಚಿನಲ್ಲಿರುವ 18 ಹಾಸಿಗೆಯ ಈ ಕೇಂದ್ರದಲ್ಲಿ ನನ್ನ ತಾಯಿ 2024ರ ಆಗಸ್ಟ್‌ನಿಂದ ಅಕ್ಟೋಬರ್ ಕೊನೆಯವರೆಗೆ ಇದ್ದಳು. ಹೆಸರು ಹಾಕಬೇಡಿ, ಈಗಲೇ ಕಾಯುವವರ ಪಟ್ಟಿ ಉದ್ದ ಇದೆ ಎಂದು ನಡೆಸುವವರೇ ಕೇಳಿಕೊಂಡಿದ್ದಾರೆ. ಆದರೂ ಬರೆಯುತ್ತಿದ್ದೇನೆ. ಇಂಥ ಜಾಗ ಹುಡುಕುವಾಗ ಏನನ್ನು ನೋಡಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನು ನೋಡಿದ್ದು ಲಿಫ್ಟ್ ಇದೆಯೇ, ಆಕ್ಸಿಜನ್ ಸಿಲಿಂಡರ್ ಇದೆಯೇ, ನೆಲ ಹೊಳೆಯುತ್ತದೆಯೇ ಎಂದು. ಹಾಗೆ ನೋಡಿ ಆರಿಸಿದ ಮೊದಲ ಜಾಗದಲ್ಲಿ ಆಯಿಯನ್ನು ನಾಲ್ಕು ವಾರ ಇಟ್ಟಿದ್ದೆ.

ಆಯಿಗೆ 79. ಶಿರಸಿಯ ಹತ್ತಿರದ ಹಳ್ಳಿ, ತೋಟದ ಮನೆ. ಜುಲೈ ಮಳೆಯಲ್ಲಿ ಅಂಗಳದಲ್ಲಿ ಪಾಚಿಗೆ ಜಾರಿ ಬಿದ್ದಳು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆ ಹಾಸುತ್ತಿದ್ದ ಆಳು ಆ ವರ್ಷ ಬಂದಿರಲಿಲ್ಲ. ಸೊಂಟದ ಮೂಳೆ ಮುರಿಯಿತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಎಂಟನೇ ದಿನ ಡಿಸ್ಚಾರ್ಜ್. ಆಪರೇಷನ್ ಚೆನ್ನಾಗಿಯೇ ಆಯಿತು. ಕಷ್ಟ ಶುರುವಾಗಿದ್ದು ಆಮೇಲೆ. ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಅಪೆಂಡಿಕ್ಸ್ ಮಾಡುವ ಸಣ್ಣ ಖಾಸಗಿ ಆಸ್ಪತ್ರೆ. ಹೊಲಿಗೆ ಬಿಚ್ಚಿದ ಮೇಲೆ ಕಾಲಿಗೆ ತ್ರಾಣ ಬರುವ ತನಕ ವಯಸ್ಸಾದವರು ಎಲ್ಲಿರಬೇಕು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ. ನಾನು ಹುಬ್ಬಳ್ಳಿಯಲ್ಲಿ ಹೈಸ್ಕೂಲು ಶಿಕ್ಷಕಿ, ಮನೆ ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ.

ಆ ಮೊದಲ ಜಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸ್ವಚ್ಛವಾಗಿತ್ತು, ಕೆಟ್ಟ ಜನರೇನಲ್ಲ. ಆದರೆ ಬೆಳಗಿನ ಪಾಳಿಯವರು ಬರುವ ಮುಂಚೆ ಎಲ್ಲರ ಸ್ನಾನ ಮುಗಿಯಬೇಕು ಎಂದು ಐದೂವರೆಗೆ ಎಬ್ಬಿಸುತ್ತಿದ್ದರು. ವಾಕರ್ ಹಿಡಿದು ಪಾಯಖಾನೆಗೆ ಹೋಗಬಲ್ಲವಳಿಗೆ ಡೈಪರ್ ಹಾಕಿದರು, ಏಕೆಂದರೆ ಜೊತೆಗೆ ಹೋಗಲು ಜನ ಇರಲಿಲ್ಲ. ರಾತ್ರಿ ಎದ್ದು ಕೂಗುತ್ತಾಳೆಂದು ನಿದ್ದೆಯ ಮಾತ್ರೆ ಶುರು ಮಾಡಿದರು. ಒಂದು ಭಾನುವಾರ ಹೋದಾಗ ಅವಳ ಎಡಗೈ ಮಂಚದ ಸರಳಿಗೆ ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿತ್ತು. ಫೈಲಿನಲ್ಲಿ ‘ಗೊಂದಲ, ಸಹಕರಿಸುವುದಿಲ್ಲ’ ಎಂದು ಬರೆದಿತ್ತು. ಅಣ್ಣನ ಮಗಳು ಅಮೆರಿಕದ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸ್. ಅಲ್ಲಿ ಹಾಗೆಂದರೆ ವಯಸ್ಸಾದವರನ್ನು ಇಟ್ಟುಕೊಂಡು ಆರೈಕೆ ಮಾಡುವ ಜಾಗ. ಅವತ್ತು ರಾತ್ರಿ ಫೋನಿನಲ್ಲಿ ಹೇಳಿದಳು: ಕೆಲಸದವರ ಅನುಕೂಲಕ್ಕೆಂದು ರೋಗಿಯನ್ನು ಕಟ್ಟಿಹಾಕಬಾರದು ಎಂದು ಅಲ್ಲಿ 1987ರಲ್ಲೇ ಕಾನೂನು ಮಾಡಿದ್ದಾರೆ. ಮೂರನೇ ದಿನ ಆಯಿಯನ್ನು ಅಲ್ಲಿಂದ ಕರೆತಂದೆ.

ಧಾರವಾಡದ ಈ ಕೇಂದ್ರದಲ್ಲಿ ಮೊದಲ ಅರ್ಧ ಗಂಟೆ ನಡೆದದ್ದನ್ನು ಹೇಳಿದರೆ ಸಾಕು ಎನಿಸುತ್ತದೆ. ಹಿರಿಯ ನರ್ಸ್ ಫೈಲು ತೆರೆಯಲಿಲ್ಲ. ಕುರ್ಚಿ ಎಳೆದುಕೊಂಡು ಆಯಿಯ ಎದುರು, ಮುಖ ಕಾಣುವ ಹಾಗೆ ಕೂತರು. ಎರಡು ಮಾತಾಡಿ, “ಕಿವೀ ಮಷೀನು ಎಲ್ಲೈತಿ?” ಎಂದು ನನ್ನನ್ನು ಕೇಳಿದರು. ಬ್ಯಾಗಿನ ತಳದಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ಅವರೇ ಡ್ರಾಯರಿನಿಂದ ಕಿತ್ತಳೆ ಬಣ್ಣದ ಚೀಟಿಯ 13 ನಂಬರಿನ ಬ್ಯಾಟರಿ ತೆಗೆದು, ಚೀಟಿ ಕಿತ್ತು, ಗಾಳಿ ಆಡಲೆಂದು ಕೆಲವು ನಿಮಿಷ ಬಿಟ್ಟು ಹಾಕಿದರು. ಆಯಿ ಸುತ್ತ ನೋಡಿ, ಹೊರಗೆ ಮಳೆ ಬರುತ್ತಿದೆಯಾ ಎಂದು ಕೇಳಿದಳು. ನಾಲ್ಕು ವಾರ ಅವಳು ‘ಗೊಂದಲ’ದಲ್ಲಿ ಇದ್ದದ್ದರಲ್ಲಿ ಕಿವಿ ಕೇಳದ್ದೆಷ್ಟು, ನಿದ್ದೆಯ ಮಾತ್ರೆಯ ಮಂಪರೆಷ್ಟು ಎಂದು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಆಮೇಲೆ ಪ್ರಶ್ನೆಗಳು. ಎಷ್ಟು ಗಂಟೆಗೆ ಏಳುತ್ತೀರಿ, ಸ್ನಾನ ಯಾವಾಗ, ಚಹಾನೋ ಕಷಾಯವೋ. ಪ್ರತಿ ಪ್ರಶ್ನೆಗೂ ನಾನೇ ಉತ್ತರ ಕೊಡುತ್ತಿದ್ದೆ. ಮೂರನೆಯದಕ್ಕೆ ನರ್ಸ್ ನನ್ನ ಮಂಡಿಯ ಮೇಲೆ ಕೈಯಿಟ್ಟು, “ಒಂದೀಟು ಸುಮ್ಮನಿರ್ರಿ ಅಕ್ಕಾರ, ಆಯೀನ ಹೇಳ್ಲಿ” ಎಂದರು. ಆಯಿ ಹೇಳಿದಳು. ಅವಳು ಮೀಯುವುದು ಸಂಜೆ. ಐವತ್ತು ವರ್ಷ ಕೊಟ್ಟಿಗೆ ಕೆಲಸ ಮುಗಿಸಿ ಹಂಡೆಯ ಬಿಸಿನೀರಿನಲ್ಲಿ ಮಿಂದವಳು, ಬೆಳಿಗ್ಗೆ ಸ್ನಾನ ಎಂದು ನಾನು ಉತ್ತರ ಕೊಟ್ಟದ್ದು ತಪ್ಪಾಗಿತ್ತು. ಕೊನೆಯ ಪ್ರಶ್ನೆ: ಇಲ್ಲಿಂದ ಹೋಗುವಾಗ ನಿಮಗೆ ಏನು ಮಾಡಲು ಬರಬೇಕು? ಆಯಿ ತಡಮಾಡಲಿಲ್ಲ. “ತುಳಸಿಕಟ್ಟೆಗೆ ಆನೇ ನಡ್ಕಂಡು ಹೋಗವು.” ನಾನೇ ನಡೆದುಕೊಂಡು ಹೋಗಬೇಕು ಎಂದು.

ಇದೆಲ್ಲವನ್ನೂ ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದರು. ಈ ಹಾಳೆಯೇ ಇಲ್ಲಿಯ ಆರೈಕೆಯ ಜೀವ ಎಂದು ನನ್ನ ಅಭಿಪ್ರಾಯ. ಪಾಳಿ ಬದಲಾದರೂ ಹಾಳೆ ಬದಲಾಗುವುದಿಲ್ಲ. ಗದಗ ಕಡೆಯ ಹೊಸ ಹುಡುಗಿ ಮೊದಲ ದಿನವೇ ಸಂಜೆ ಐದಕ್ಕೆ ಬಿಸಿನೀರು ಇಟ್ಟಿದ್ದಳು. ಅವರ ಕಡೆ ವಯಸ್ಸಾದವರನ್ನು ‘ಆಯಿ’ ಎಂದೇ ಕರೆಯುವುದರಿಂದ, ನಮ್ಮ ಮನೆಯ ಹೆಸರಿನಲ್ಲೇ ಇಡೀ ವಾರ್ಡು ಅವಳನ್ನು ಕರೆಯಿತು. ಅವಳಿಗೆ ಅದು ದೊಡ್ಡ ಸಮಾಧಾನ.

ಫಿಜಿಯೋಥೆರಪಿಸ್ಟ್ ಮನೆಯ ಫೋಟೋ ಕೇಳಿದರು. ಯಾಕೆ ಎಂದೆ. ಹೊಸಿಲು ಎಷ್ಟು ಎತ್ತರ ಎಂದರು. ಮಲೆನಾಡಿನ ಹಳೆಯ ಮನೆ, ಹೆಬ್ಬಾಗಿಲ ಹೊಸಿಲು ಒಂಬತ್ತು ಇಂಚು, ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು. ಅವರು ಹಲಗೆ ಜೋಡಿಸಿ ಒಂಬತ್ತು ಇಂಚಿನದೇ ಒಂದು ಹೊಸಿಲು ಮಾಡಿ, ಅದನ್ನು ದಾಟುವುದನ್ನೇ ದಿನವೂ ಕಲಿಸಿದರು. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಸುಮ್ಮನೆ ಕಾಲು ಎತ್ತಿ ಇಳಿಸು ಎಂದರೆ ಮುಖ ತಿರುಗಿಸುತ್ತಿದ್ದವಳು ಹೊಸಿಲು ಎಂದ ಕೂಡಲೇ ಎದ್ದು ನಿಂತಳು.

ಹದಿನೈದು ದಿನಕ್ಕೊಮ್ಮೆ ಡಾಕ್ಟರು, ನರ್ಸು, ಫಿಜಿಯೋ, ಮನೆಯವರು ಕೂತು ಮಾತಾಡುತ್ತಾರೆ, ಆಯಿಯನ್ನೂ ನಡುವೆ ಕೂರಿಸಿಕೊಂಡು. ಮೊದಲ ಸಭೆಯಲ್ಲೇ ಹನ್ನೊಂದು ಮಾತ್ರೆ ಏಳಕ್ಕೆ ಇಳಿಯಿತು. ನಿದ್ದೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸದೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ವಯಸ್ಸಾದವರನ್ನು ಆ ಮಾತ್ರೆಯೇ ಮತ್ತೆ ಬೀಳಿಸುತ್ತದಂತೆ. ಸಕ್ಕರೆ ಕಾಯಿಲೆಯ ಗುಳಿಗೆಯ ಪ್ರಮಾಣವನ್ನೂ ಕಡಿಮೆ ಮಾಡಿದರು. ಈ ವಯಸ್ಸಿನಲ್ಲಿ ಸಕ್ಕರೆ ತುಸು ಹೆಚ್ಚಿದ್ದರೆ ನಡೆಯುತ್ತದೆ, ತಟ್ಟನೆ ಇಳಿದು ತಲೆಸುತ್ತಿ ಬಿದ್ದರೆ ಇನ್ನೊಂದು ಸೊಂಟ ಹೋಗುತ್ತದೆ ಎಂದು ಡಾಕ್ಟರು ಆಯಿಗೇ ಬಿಡಿಸಿ ಹೇಳಿದರು, ನನಗಲ್ಲ.

ಕೊರತೆಗಳೂ ಇವೆ. ರಾತ್ರಿ 18 ಮಂದಿಗೆ ಒಬ್ಬ ನರ್ಸ್, ಒಬ್ಬ ಆಯಾ ಮಾತ್ರ. ಗಂಟೆ ಒತ್ತಿದರೆ ಬರಲು ಕೆಲವೊಮ್ಮೆ ಇಪ್ಪತ್ತು ನಿಮಿಷ. ಡಾಕ್ಟರು ಬರುವುದು ವಾರಕ್ಕೆ ಎರಡೇ ಸಲ. ಅಡುಗೆ ಪೂರ್ತಿ ಈ ಕಡೆಯದು. ರೊಟ್ಟಿ, ಝುಣಕಾ ರುಚಿಯಾಗಿದ್ದರೂ ಹಲ್ಲಿಲ್ಲದ ಆಯಿಗೆ ಆಗಲಿಲ್ಲ. ಗಂಜಿ, ತಂಬುಳಿ ಮಾಡಿಕೊಟ್ಟರು, ಆದರೆ ನಾಲ್ಕು ಸಲ ಹೇಳಿದ ಮೇಲೆ. ಆಗ ತಿಂಗಳಿಗೆ 34,000 ರೂಪಾಯಿ ಇತ್ತು, ಔಷಧಿ, ಫಿಜಿಯೋ ಬೇರೆ. ಅಣ್ಣನೂ ನಾನೂ ಹಂಚಿಕೊಂಡೆವು. ಇಷ್ಟು ಹಣ ಹೊಂದಿಸಲಾಗದವರ ಮನೆಯ ಹಿರಿಯರು ಏನು ಮಾಡಬೇಕು ಎಂಬುದು ನನ್ನನ್ನು ಕಾಡುತ್ತಲೇ ಇದೆ.

ಅದಕ್ಕೇ ಊರಿನ ಉಪಕೇಂದ್ರದ ಬಗ್ಗೆಯೂ ಬರೆಯಬೇಕು. ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000 ಜನಕ್ಕೊಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಇಂಥ ಕೇಂದ್ರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆಯೂ ಸೇರಿದೆ. ಅದು ನನಗೆ ಗೊತ್ತಾದದ್ದು ಆಯಿಯನ್ನು ಮನೆಗೆ ಕರೆತಂದ ಮೇಲೆ. ಧಾರವಾಡದ ನರ್ಸ್ ಹಾಳೆಯ ಒಂದು ಪ್ರತಿಯನ್ನು ಮಾತ್ರೆ ಪಟ್ಟಿಯ ಜೊತೆ ಕೊಟ್ಟು, “ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಕೊಡ್ರಿ” ಎಂದಿದ್ದರು. ಕೊಟ್ಟೆ. ಮರುವಾರವೇ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ಹುಡುಗಿ ಆಶಾ ಅವರ ಜೊತೆ ತೋಟದ ದಾರಿಯಲ್ಲಿ ನಡೆದು ಬಂದಳು. ಬಿಪಿ, ಸಕ್ಕರೆ ನೋಡಿ, ತಿಂಗಳ ಮಾತ್ರೆ ಉಚಿತವಾಗಿ ಕೊಟ್ಟಳು. ಬಚ್ಚಲ ಕಲ್ಲಿನ ಪಕ್ಕ ಹಿಡಿದುಕೊಳ್ಳಲು ಸರಳು ಹಾಕಿಸಿ ಎಂದಳು. ಅವಳಿಗೂ ಕೊರತೆಗಳಿವೆ: ರಕ್ತ ಪರೀಕ್ಷೆಗೆ ಶಿರಸಿಗೇ ಹೋಗಬೇಕು, ಮಳೆಗಾಲದಲ್ಲಿ ಅವಳು ಬರುವುದು ಅಪರೂಪ. ಆದರೆ ಆಯಿಯ ಎದುರು ಕೂತು ಆಯಿಯನ್ನೇ ಕೇಳುತ್ತಾಳೆ.

ಜಾಗ ನೋಡಲು ಹೋಗುವವರು ಬೆಳಿಗ್ಗೆ ಆರಕ್ಕೆ ಅಥವಾ ರಾತ್ರಿ ಎಂಟಕ್ಕೆ ಹೋಗಿ. ಎಲ್ಲರನ್ನೂ ಒಟ್ಟಿಗೆ ಎಬ್ಬಿಸುತ್ತಾರಾ, ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಕೈ ಕಟ್ಟುತ್ತಾರಾ ಎಂದು ನೇರವಾಗಿ ಕೇಳಿ. ಅಲ್ಲಿರುವ ಯಾರಾದರೂ ಒಬ್ಬ ಅಜ್ಜಿಗೆ ಏನು ಇಷ್ಟ ಎಂದು ಆಯಾಳನ್ನು ಕೇಳಿ ನೋಡಿ. ಕಿರುಕುಳ, ನಿರ್ಲಕ್ಷ್ಯ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಕೈ ಕಟ್ಟಿದ್ದ ಆ ಭಾನುವಾರ ನನಗೆ ಈ ನಂಬರು ಗೊತ್ತಿರಲಿಲ್ಲ.

ಈ ಕೇಂದ್ರಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ರಾತ್ರಿ ಪಾಳಿಗಾಗಿ. ಉತ್ಥಾನ ದ್ವಾದಶಿಯ ಸಂಜೆ ಆಯಿ ಕೋಲು ಹಿಡಿದು ಹೊಸಿಲು ದಾಟಿ, ಮೂರು ಮೆಟ್ಟಿಲು ಇಳಿದು, ಸೋಗೆ ಹಾಸಿದ ಅಂಗಳದಲ್ಲಿ ತುಳಸಿಕಟ್ಟೆಯವರೆಗೆ ನಡೆದಳು. ನಾನು ಹಿಂದೆ ಇದ್ದೆ, ಹಿಡಿದುಕೊಳ್ಳಲು ಬಿಡಲಿಲ್ಲ. ಗೋಡೆಯ ಮೇಲಿದ್ದ ಆ ಹಾಳೆ ಈಗ ಅಡುಗೆಮನೆಯ ಬಾಗಿಲ ಹಿಂದೆ ಇದೆ. ಕೆಳಗೆ ಆಯಿ ತನ್ನ ಕೈಯಲ್ಲೇ ಒಂದು ಸಾಲು ಸೇರಿಸಿದ್ದಾಳೆ: ಸೋಮವಾರ ಕಿವಿಯ ಬ್ಯಾಟರಿ ಹೊಸದು.