ರಾಗಿ ಮಾಲ್ಟ್ ಪ್ಯಾಕೆಟ್: ಒಂದು ಲೋಟದಲ್ಲಿ ಯಾರಿಗೆ ಎಷ್ಟು ದಕ್ಕುತ್ತದೆ?

ಅಂಗಡಿಯಲ್ಲಿ 'ರಾಗಿ ಮಾಲ್ಟ್' ಎಂದು ಕೇಳಿದರೆ ಮೂರು ಬೇರೆ ಬೇರೆ ಸರಕು ಕೈಗೆ ಬರುತ್ತವೆ. ಒಂದು, ಮೊಳಕೆ ಬರಿಸಿ, ಒಣಗಿಸಿ, ಬೀಸಿದ ಬರೀ ರಾಗಿ ಹಿಟ್ಟು. ಇನ್ನೊಂದು, ಅದಕ್ಕೆ ಹೆಸರುಕಾಳು, ಹುರಿಗಡಲೆ, ಗೋಧಿ, ಬಾದಾಮಿ, ಏಲಕ್ಕಿ ಸೇರಿಸಿದ ಮಿಶ್ರಣ. ಮತ್ತೊಂದು, ಸಕ್ಕರೆಯೋ ಬೆಲ್ಲದ ಪುಡಿಯೋ ಮೊದಲೇ ಬೆರೆತಿರುವ, ಬಿಸಿನೀರು ಹೊಯ್ದು ಕಲಕಿದರೆ ಸಾಕೆನ್ನುವ ದಿಢೀರ್ ಪುಡಿ. ಮೊದಲನೆಯದಕ್ಕೆ ಧಾರಾಳವಾಗಿ ದುಡ್ಡು ಕೊಡಬಹುದು. ಎರಡನೆಯದನ್ನು ಹಿಂಬದಿ ಓದಿ ಕೊಳ್ಳಬೇಕು. ಮೂರನೆಯದನ್ನು ಸಿಹಿತಿಂಡಿಯ ಲೆಕ್ಕಕ್ಕೇ ಹಿಡಿಯಬೇಕು. ಮೂರರ ಮುಂಬದಿಯಲ್ಲೂ ಮಗು, ಅಮ್ಮ, ಅಜ್ಜ ಒಟ್ಟಿಗೆ ನಗುತ್ತಿರುತ್ತಾರೆ. ತೊಡಕಿರುವುದು ಆ ಚಿತ್ರದಲ್ಲೇ. ಅವರು ಮೂವರಿಗೂ ಬೇಕಾದ್ದು ಬೇರೆ ಬೇರೆ.

ಹಿಂಬದಿಯಿಂದ ಶುರುಮಾಡೋಣ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಸಕ್ಕರೆಯೇ ಮೊದಲಿದ್ದರೆ ಅಲ್ಲಿಗೆ ಓದು ನಿಲ್ಲಿಸಬಹುದು. ಆದರೆ ಸಿಹಿಯನ್ನು ಸಕ್ಕರೆ, ಬೆಲ್ಲ, ಮಾಲ್ಟೋಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಎಂದು ಹಂಚಿ ಬರೆದಾಗ ರಾಗಿಯೇ ಮೊದಲ ಸ್ಥಾನದಲ್ಲಿ ಉಳಿಯುತ್ತದೆ, ಹಾಗಾಗಿ ಮೂರನ್ನೂ ಕೂಡಿಸಿ ನೋಡಿ. 'ಬೆಲ್ಲ ಹಾಕಿದೆ, ಕಬ್ಬಿಣಾಂಶ ಇದೆ' ಎಂಬ ಮಾತಿಗೂ ಮರುಳಾಗಬೇಡಿ. 10 ಗ್ರಾಂ ಬೆಲ್ಲದಲ್ಲಿರುವ ಕಬ್ಬಿಣ ಸುಮಾರು ಅರ್ಧ ಮಿ.ಗ್ರಾಂ.

ಪೋಷಕಾಂಶಗಳ ಪಟ್ಟಿಯಲ್ಲಿ 'ಆರ್‌ಡಿಎ ಶೇಕಡಾ' (ದಿನಕ್ಕೆ ಬೇಕಾದ ಪ್ರಮಾಣದಲ್ಲಿ ಎಷ್ಟು ಪಾಲು) ಎಂಬ ಸಾಲು ಇನ್ನೂ ದೊಡ್ಡ ಕಣ್ಕಟ್ಟು. ಲೇಬಲ್ ನಿಯಮದ ಪ್ರಕಾರ ಆ ಶೇಕಡಾವನ್ನು ಲೆಕ್ಕ ಹಾಕುವುದು ದಿನಕ್ಕೆ 2000 ಕಿಲೋಕ್ಯಾಲರಿ, 50 ಗ್ರಾಂ ಸೇರಿಸಿದ ಸಕ್ಕರೆ ಎಂಬ ವಯಸ್ಕರ ಅಳತೆಗೆ. 100 ಗ್ರಾಂ ಪುಡಿಯಲ್ಲಿ 40 ಗ್ರಾಂ ಸೇರಿಸಿದ ಸಕ್ಕರೆ ಇದೆ ಅಂದುಕೊಳ್ಳಿ. 30 ಗ್ರಾಂ ಪುಡಿ ಹಾಕಿದ ಲೋಟಕ್ಕೆ 12 ಗ್ರಾಂ ಸಕ್ಕರೆ ಬಂತು, ಲೇಬಲ್ ಅದನ್ನು 24% ಎನ್ನುತ್ತದೆ. ಅದೇ ಲೋಟ 4ರಿಂದ 6 ವರ್ಷದ ಮಗುವಿನ ಕೈಗೆ ಹೋದರೆ? ಆ ವಯಸ್ಸಿಗೆ ದಿನದ ಶಕ್ತಿಯ ಅಗತ್ಯ ಸುಮಾರು 1360 ಕಿಲೋಕ್ಯಾಲರಿ. ಸಕ್ಕರೆಯಿಂದ ಬರುವ ಶಕ್ತಿ ಅದರ 5% ಮೀರಬಾರದು ಎಂಬ ಲೆಕ್ಕ ಹಿಡಿದರೆ ಇಡೀ ದಿನದ ಮಿತಿ 17 ಗ್ರಾಂ. ಒಂದೇ ಲೋಟದಲ್ಲಿ ಅದರ 70% ಮುಗಿಯಿತು. ಬಿಸ್ಕತ್ತು, ಜಾಮೂನು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅಂದಹಾಗೆ, ಇಂಥ ಪುಡಿಗಳನ್ನು ಕರೆಯುವ 'ಹೆಲ್ತ್ ಡ್ರಿಂಕ್' ಎಂಬ ಹೆಸರಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯೆಯೇ ಇಲ್ಲ.

ಈಗ ಬರೀ ರಾಗಿಯ ಮಾಲ್ಟ್‌ನ ಲೆಕ್ಕ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ, 7 ಗ್ರಾಂ ಪ್ರೋಟೀನ್, 4.6 ಮಿ.ಗ್ರಾಂ ಕಬ್ಬಿಣ. ಲೋಟಕ್ಕೆ 30 ಗ್ರಾಂ ಹಿಟ್ಟು ಮತ್ತು 150 ಮಿ.ಲೀ. ಹಸುವಿನ ಹಾಲು ಹಾಕಿದರೆ ಎರಡರಿಂದಲೂ ಸೇರಿ ಸುಮಾರು 285 ಮಿ.ಗ್ರಾಂ ಕ್ಯಾಲ್ಸಿಯಂ, 7 ಗ್ರಾಂ ಪ್ರೋಟೀನ್ ಸಿಗುತ್ತದೆ. ಕಬ್ಬಿಣ ಮಾತ್ರ ಸುಮಾರು ಒಂದೂವರೆ ಮಿ.ಗ್ರಾಂ ಅಷ್ಟೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನ ಪಕ್ಕದಲ್ಲಿ ಈ ಲೋಟವನ್ನಿಟ್ಟು ನೋಡಿ. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 550 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಅರ್ಧ ಇಲ್ಲೇ ಸಿಕ್ಕಿತು. 60 ದಾಟಿದವರಿಗೆ ಬೇಕಾದ್ದು 1200. ಅವರಿಗೆ ಇದು ಕಾಲು ಭಾಗವೂ ಆಗದು. ಮಕ್ಕಳಿಗೆಂದು ತಂದ ಪ್ಯಾಕೆಟ್ಟನ್ನು ಅಜ್ಜಿಗೂ ಒಂದು ಲೋಟ ಕೊಟ್ಟು 'ಮೂಳೆಗೆ ಇಷ್ಟು ಸಾಕು' ಅನ್ನುವ ಹಾಗಿಲ್ಲ. ಮೊಸರು, ಮಜ್ಜಿಗೆ, ಎಳ್ಳು, ಸೊಪ್ಪು ದಿನದ ಉಳಿದ ಹೊತ್ತಿನಲ್ಲಿ ಬರಲೇಬೇಕು.

ಕಬ್ಬಿಣದ ವಿಷಯದಲ್ಲಿ ಮಾಲ್ಟ್ ಯಾರ ಕೈಯನ್ನೂ ಹಿಡಿಯುವುದಿಲ್ಲ. 16ರಿಂದ 18ರ ಹುಡುಗಿಗೆ ದಿನಕ್ಕೆ 32 ಮಿ.ಗ್ರಾಂ, ವಯಸ್ಕ ಹೆಂಗಸಿಗೆ 29, ಗಂಡಸಿಗೆ 19. ಲೋಟದಲ್ಲಿರುವ ಒಂದೂವರೆಯೂ ಪೂರ್ತಿ ಮೈಗೆ ಹತ್ತುವುದಿಲ್ಲ. ರಾಗಿಯ ಸಿಪ್ಪೆಯಲ್ಲಿರುವ ಟ್ಯಾನಿನ್, ಫೈಟೇಟ್ ಎಂಬ ಅಂಶಗಳು ಅದನ್ನು ಹಿಡಿದಿಡುತ್ತವೆ, ಹಾಲಿನ ಕ್ಯಾಲ್ಸಿಯಂ ಇನ್ನಷ್ಟು ತಡೆಯುತ್ತದೆ. ಮೊಳಕೆ ಬರಿಸಿದಾಗ ಫೈಟೇಟ್ ಸ್ವಲ್ಪ ಇಳಿಯುತ್ತದೆ, ಅಷ್ಟೇ. 'ರಕ್ತ ಹೆಚ್ಚಿಸುತ್ತದೆ' ಎಂದು ಬರೆದ ಪ್ಯಾಕೆಟ್‌ಗಿಂತ ನಿಂಬೆ ಹಿಂಡಿದ ಕಾಳಿನ ಉಸಲಿ, ಸೊಪ್ಪಿನ ಪಲ್ಯ, ತಿನ್ನುವವರಿಗೆ ಮೀನು ಮಾಂಸ ಎಷ್ಟೋ ಮೇಲು. ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಹಾಲು ಹಾಕಿದ ಮಾಲ್ಟ್ ಜೊತೆ ನುಂಗಲೇಬಾರದು, ಎರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಇದೇ ಅಂತರ.

6 ತಿಂಗಳು ತುಂಬಿದ ಕೂಸಿಗಾದರೆ ಬರೀ ರಾಗಿಯದ್ದೇ ತನ್ನಿ. 2 ವರ್ಷದವರೆಗೆ ಸಕ್ಕರೆ ಸೇರಿಸಿದ್ದು ಬೇಡ. ಬಾದಾಮಿ, ಗೋಡಂಬಿ, ಗೋಧಿ ಎಲ್ಲ ಒಟ್ಟಿಗೆ ಇರುವ ಮಿಶ್ರಣದಿಂದ ಶುರುಮಾಡಿದರೆ ಮೈಮೇಲೆ ದದ್ದು ಎದ್ದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ರಾಗಿ ಸರಿಯನ್ನು ಚಮಚ ಓರೆಮಾಡಿದರೆ ತಟ್ಟನೆ ಸುರಿಯದಷ್ಟು ಗಟ್ಟಿ ಮಾಡಿ, ಅರ್ಧ ಚಮಚ ತುಪ್ಪ ಹಾಕಿ. ಬಾಟಲಿಯಲ್ಲಿ ಕುಡಿಸುವ ನೀರು ಮಾಲ್ಟ್‌ನಿಂದ ಕೂಸಿನ ಪುಟ್ಟ ಹೊಟ್ಟೆ ನೀರಲ್ಲೇ ತುಂಬುತ್ತದೆ.

ಮೊಳಕೆ ರಾಗಿಗೆ ಹೆಚ್ಚು ಬೆಲೆ ಕೊಡುವುದಕ್ಕೆ ಕಾರಣ ಇಲ್ಲೇ ಇದೆ. ಮೊಳೆಯುವಾಗ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಅಂಟಾಗದೆ ಸಡಿಲವಾಗಿರುತ್ತದೆ, ಕಡಿಮೆ ತಿನ್ನುವ ಮಗುವಿಗೂ ಅಷ್ಟರಲ್ಲೇ ಹೆಚ್ಚು ಶಕ್ತಿ ಸಿಗುತ್ತದೆ. ಪ್ಯಾಕೆಟ್ ನಿಜವೋ ಸುಳ್ಳೋ ನೋಡುವ ಬಗೆಯೂ ಇದೇ. ಮನೆಯ ಸಾದಾ ರಾಗಿ ಹಿಟ್ಟು ಎರಡು ಚಮಚ, ಪ್ಯಾಕೆಟ್ಟಿನದು ಎರಡು ಚಮಚ, ಎರಡಕ್ಕೂ ಒಂದೇ ಅಳತೆಯ ತಣ್ಣೀರು, ಒಂದೇ ಸಣ್ಣ ಉರಿ. ಆರಿದ ಮೇಲೆ ಪ್ಯಾಕೆಟ್ಟಿನದೂ ಸಾದಾ ಹಿಟ್ಟಿನಂತೆಯೇ ಗಟ್ಟಿ ಕಟ್ಟಿದರೆ, ರಾಗಿ ಮೊಳೆತೇ ಇಲ್ಲ, ಇಲ್ಲವೇ ಕಿಣ್ವ ಸಾಯುವಷ್ಟು ಹುರಿದಿದ್ದಾರೆ. ಈ ಪರೀಕ್ಷೆ ನಡೆಯುವುದು ಬರೀ ರಾಗಿಯ ಪ್ಯಾಕೆಟ್ಟಿಗೆ ಮಾತ್ರ. ಬಣ್ಣ ತೀರಾ ಬಿಳಿಚಿಕೊಂಡಿದ್ದರೂ ಅನುಮಾನಿಸಿ. ನುಣುಪಿಗಾಗಿ ಸಿಪ್ಪೆಯನ್ನು ಜರಡಿಯಲ್ಲಿ ತೆಗೆದರೆ ನಾರಿನ ಜೊತೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ, ಏಕೆಂದರೆ ಅದರ ದೊಡ್ಡ ಪಾಲು ಸಿಪ್ಪೆಯಲ್ಲೇ ಇರುವುದು. ಕಹಿ ಇದ್ದರೆ ಒಣಗಿದ ಮೇಲೆ ಬೇರನ್ನು ಉಜ್ಜಿ ತೆಗೆದಿಲ್ಲ ಎಂದರ್ಥ.

ಮಾಡುವ ಕ್ರಮ ತಪ್ಪಿದರೆ ಒಳ್ಳೆಯ ಹಿಟ್ಟೂ ಕೆಡುತ್ತದೆ. 30 ಗ್ರಾಂ ಹಿಟ್ಟನ್ನು 200 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಒಲೆಗಿಡಿ. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟಾಗುತ್ತದೆ, ಕಿಣ್ವ ಕೆಲಸ ಶುರುಮಾಡುವ ಮೊದಲೇ ಸಾಯುತ್ತದೆ. ನಿಧಾನ ಬಿಸಿಯಾದಷ್ಟೂ ಗಂಜಿ ಸಡಿಲ. ಕುದಿ ಬಂದ ಮೇಲೆ 5-6 ನಿಮಿಷ ಕೈಯಾಡಿಸಿ, ಹಸಿ ವಾಸನೆ ಹೋಗಲಿ. ಕೆಳಗಿಳಿಸಿ ಕಾಯಿಸಿದ ಹಾಲು ಬೆರೆಸಿ. ಬೆಲ್ಲ ಬೇಕೇ ಬೇಕೆಂದರೆ ಸ್ವಲ್ಪ ಆರಿದ ಮೇಲೆ ಹಾಕಿ, ಕುದಿಯುವ ಹಾಲಿಗೆ ಹಾಕಿದರೆ ಒಡೆಯುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ ಮಾಲ್ಟ್ ಅಷ್ಟು ಒಳ್ಳೆಯ ಆಯ್ಕೆಯಲ್ಲ. ನುಣ್ಣಗೆ ಬೀಸಿ, ಪಿಷ್ಟ ಒಡೆದು, ಗಂಜಿ ಮಾಡಿದ ರಾಗಿ ಬೇಗ ರಕ್ತಕ್ಕೆ ಇಳಿಯುತ್ತದೆ. 'ರಾಗಿ ತಾನೇ' ಎಂದು ಎರಡು ಲೋಟ ಕುಡಿಯುವುದಕ್ಕಿಂತ ಸೊಪ್ಪಿನ ಸಾರಿನ ಜೊತೆ ಅಳತೆಯ ಮುದ್ದೆ ಲೇಸು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇನ್ನು ಸರ್ಕಾರಿ ಶಾಲೆಗಳಲ್ಲಿ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ; ಅಲ್ಲಿ ಕುಡಿದು ಬಂದ ದಿನ ಮನೆಯಲ್ಲಿ ಮತ್ತೆ ಸಿಹಿ ಮಾಲ್ಟ್ ಕೊಡುವ ಬದಲು ಮೊಟ್ಟೆ, ಹಣ್ಣು, ಕಡಲೆಬೀಜ ಕೊಡಿ.

ಕೊಳ್ಳುವಾಗ ತಯಾರಿಸಿದ ದಿನಾಂಕ ನೋಡಿ, ಸಣ್ಣ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಬಾದಾಮಿ, ಕಡಲೆಬೀಜ ಬೆರೆತ ಪುಡಿಯಲ್ಲಿ ಎಣ್ಣೆಯಂಶ ಬೇಗ ಕಮಟು ಹಿಡಿಯುತ್ತದೆ, ಏಲಕ್ಕಿ ಆ ವಾಸನೆಯನ್ನು ಮುಚ್ಚಿಬಿಡುತ್ತದೆ. ಮೂಗಿಗಿಂತ ನಾಲಿಗೆಯನ್ನು ನಂಬಿ: ಒಂದು ಚಿಟಿಕೆ ಒಣಪುಡಿ ಬಾಯಿಗೆ ಹಾಕಿದಾಗ ಗಂಟಲಲ್ಲಿ ಕೆರೆತ ಉಳಿದರೆ ಆ ಪ್ಯಾಕೆಟ್ಟನ್ನು ಹಿಂದಿರುಗಿಸಿ.