ವರದಿ ತಡವಾಯಿತು, ಪರಿಶೀಲನೆ ಗಟ್ಟಿಯಾಗಿತ್ತು

ಹಲ್ಲೆ ಪ್ರಕರಣವೊಂದರಲ್ಲಿ ನನ್ನ ಕಕ್ಷಿದಾರನ ಮನಃಸ್ಥಿತಿಯ ಮೌಲ್ಯಮಾಪನಕ್ಕೆ ಮಂಗಳೂರಿನ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯೊಬ್ಬರನ್ನು ಆರಿಸಿದ್ದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಬೇಕಾದ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ಮೊದಲೇ ನೋಡಿಕೊಂಡಿದ್ದೆ. ಆಪ್ತಸಮಾಲೋಚಕರೆಂದು ಫಲಕ ಹಾಕಿಕೊಂಡ ಎಲ್ಲರಿಗೂ ಅದು ಇರುವುದಿಲ್ಲ. ಚಿತ್ತಸ್ವಾಸ್ಥ್ಯವಿಲ್ಲದವರ ಕೃತ್ಯಕ್ಕೆ ವಿನಾಯಿತಿ ಕೊಡುವ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿಗೆ ಮುಖ್ಯವಾದುದು ಆರೋಪಿಯ ಇಂದಿನ ಸ್ಥಿತಿಯಲ್ಲ, ಕೃತ್ಯದ ಹೊತ್ತಿನಲ್ಲಿ ಅದರ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯುವ ಶಕ್ತಿ ಚಿತ್ತಸ್ವಾಸ್ಥ್ಯವಿಲ್ಲದೆ ಅವನಿಗೆ ಇಲ್ಲವಾಗಿತ್ತೇ ಎಂಬುದು. ನಾನು ಹೇಳುವ ಮೊದಲೇ ಇದನ್ನು ಗುರುತಿಸಿದ ಅವರು, ದೋಷಾರೋಪ ಪಟ್ಟಿಯನ್ನೂ ಹಳೆಯ ಔಷಧಿ ಚೀಟಿಗಳನ್ನೂ ತರಿಸಿಕೊಂಡು, ಆರೋಪಿಯ ತಾಯಿಯೊಡನೆ ತುಳುವಿನಲ್ಲಿಯೇ ಮಾತನಾಡಿದರು. ಮಗನ ನಿದ್ದೆ ಯಾವಾಗ ಕೆಟ್ಟಿತೆಂಬ ಒಂದೇ ಪ್ರಶ್ನೆಗೆ ಆ ತಾಯಿ ಅರ್ಧ ಗಂಟೆ ಉತ್ತರಿಸಿದರು. ವರದಿ ಎರಡು ವಾರ ತಡವಾಗಿ ಒಂದು ವಾಯಿದೆ ವ್ಯರ್ಥವಾಯಿತು; ಶುಲ್ಕವೂ ಕಡಿಮೆಯೇನಲ್ಲ. ಆದರೆ ನಮಗೆ ಪ್ರತಿಕೂಲವಾದ ಅಂಶಗಳನ್ನೂ ಮುಚ್ಚಿಡದೆ ಬರೆದಿದ್ದರಿಂದಲೇ ಅದು ಪಾಟೀಸವಾಲಿನಲ್ಲಿ ಅಲುಗಾಡಲಿಲ್ಲ.